ಸಿಪ್ಪೆ ಒಂದೇ ಸಾಲಲ್ಲ, ಒಣ ಎಲೆನೂ ಬೇಕು

ನಾನು ಕರ್ನಾಟಕ ಬಿಟ್ಟು ಹೊರಗೆ ಬಂದು ತುಂಬಾ ವರ್ಷ ಆಯ್ತು. ಅಡುಗೆಮನೆ ಕಸನ ಗಿಡಕ್ಕೆ ಹಾಕೋ ವಿಷಯದಲ್ಲಿ ನಮ್ಮನೇಲಿ ನೋಡಿದ್ದೇ ಒಂದು ರೀತಿ, ಇಲ್ಲಿ ನೋಡ್ತಿರೋದೇ ಇನ್ನೊಂದು. ಅಮ್ಮ ತರಕಾರಿ ಸಿಪ್ಪೆ, ಸೋಸಿದ ಟೀ ಪುಡಿ ಎಲ್ಲಾ ತಗೊಂಡೋಗಿ ಸೀದಾ ಗಿಡದ ಬುಡಕ್ಕೇ ಸುರೀತಿದ್ರು, ಹಿತ್ತಲು ದೊಡ್ಡದು, ಮಣ್ಣಲ್ಲಿ ಎರೆಹುಳ ಇತ್ತು, ಹೇಗೋ ಕರಗಿಹೋಗ್ತಿತ್ತು. ಇಲ್ಲಿ ಬಾಲ್ಕನಿ ಪಾಟಲ್ಲಿ ನಾನೂ ಹಾಗೇ ಮಾಡ್ದೆ, ಒಂದೇ ವಾರಕ್ಕೆ ಗುಂಗುರು ಮುತ್ಕೊಂಡ್ವು, ಮಣ್ಣು ನಾರೋಕೆ ಶುರುವಾಯ್ತು, ಎಲೆ ಹಳದಿಯಾಯ್ತು.

ಪಕ್ಕದ್ಮನೆ ಅಜ್ಜಿ ಹತ್ರ ಗೊಬ್ಬರ ಮಾಡೋಕೆ ತೂತು ಹೊಡೆದಿರೋ ಒಂದು ಡ್ರಮ್ ಇದೆ, ಪಕ್ಕದಲ್ಲೇ ಒಂದು ಚೀಲ ಒಣ ಎಲೆ. ಒಂದು ಹಿಡಿ ಸಿಪ್ಪೆ ಹಾಕಿದ್ರೆ ಮೇಲೆ ಎರಡು ಮೂರು ಹಿಡಿ ಎಲೆ, ತಪ್ಪಿಸೋದೇ ಇಲ್ಲ. ಒಂದಿನ ಕೈ ಹಾಕಿ ನೋಡು ಅಂದ್ರು, ಒಳಗೆ ಬೆಚ್ಚಗೆ ಹಬೆ ಆಡ್ತಿತ್ತು, ವಾಸನೆ ಮಳೆ ಬಿದ್ದ ಮಣ್ಣಿಂದು.

ಆಮೇಲೆ ಓದಿ ತಿಳ್ಕೊಂಡೆ. ಹಸಿ ಸಿಪ್ಪೆಲಿ ನೀರು, ಸಾರಜನಕ ಜಾಸ್ತಿ, ಒಣ ಎಲೆಲಿ ಇಂಗಾಲ ಜಾಸ್ತಿ, ಕೊಳೆಸೋ ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ (ಇದು ತೂಕದ ಲೆಕ್ಕ, ಹಿಡಿ ಲೆಕ್ಕ ಅಲ್ಲ) ಇದ್ರೆ ಕೆಲಸ ಸಲೀಸು, ಜೊತೆಗೆ ಎಲೆ ಇದ್ರೆ ಸಂದಿಲಿ ಗಾಳಿ ಆಡುತ್ತೆ. ಗಾಳಿ ಇಲ್ದೆ ಕೊಳೆತ್ರೆ ನಾರುತ್ತೆ, ಅಷ್ಟೇ ವಿಷಯ. ತೇವ ಹಿಂಡಿದ ಬಟ್ಟೆಯಷ್ಟಿದ್ರೆ ಸಾಕು.

ನಂಗೆ ಸಂಕಟ ಆಗೋದು ಏನಂದ್ರೆ, ನಮ್ ಕಡೆ ಎಷ್ಟೋ ಮನೇಲಿ ಆ ಎಲೆನೇ ಗುಡಿಸಿ ಬೆಂಕಿ ಇಡ್ತಾರೆ, ಆಮೇಲೆ ಗೊಬ್ಬರ ದುಡ್ಡು ಕೊಟ್ಟು ತರ್ತಾರೆ. ದಯವಿಟ್ಟು ಸುಡಬೇಡಿ, ಚೀಲದಲ್ಲಿ ತುಂಬಿಡಿ. ಹಾಗಂತ ಇಲ್ಲಿಯವರು ಮಾಡೋದೆಲ್ಲ ಸರಿ ಅಂತಲ್ಲ, ಬೇಗ ಕೊಳೆಯೋಕೆ ಅಂತ ಏನೇನೋ ಪುಡಿ ಕೊಂಡು ತರ್ತಾರೆ, ಅದು ಬೇಕಿಲ್ಲ, ಹಳೇ ಗೊಬ್ಬರ ಒಂದು ಬೊಗಸೆ ಬೆರೆಸಿದ್ರೆ ಸಾಕು. ಈ ವಿಷಯದಲ್ಲಿ ಏನೂ ಕೊಳ್ಳದೆ ಗಿಡ ಬೆಳೆಸಿದ ನಮ್ಮಮ್ಮನೇ ಸರಿ.

ಉಪ್ಪು ಎಣ್ಣೆ ಇರೋ ಉಳಿದ ಅಡುಗೆ ಮಾತ್ರ ಹಾಕಬೇಡಿ. ಮೊಟ್ಟೆ ಚಿಪ್ಪು ನುಣ್ಣಗೆ ಪುಡಿ ಮಾಡಿ ಹಾಕಿ, ಇಡಿಯಾಗಿ ಹಾಕಿದ್ರೆ ವರ್ಷ ಕಳೆದ್ರೂ ಹಾಗೇ ಇರುತ್ತೆ.

ನಾನೂ ಅಜ್ಜಿ ಥರಾನೇ ಮಾಡ್ದೆ, ಗೊಬ್ಬರ ಆಗೋಕೆ ಸುಮಾರು ಮೂರು ತಿಂಗಳು ಹಿಡೀತು. ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿ ಅದೇ ಹಳದಿ ಗಿಡಕ್ಕೆ ಹಾಕ್ದೆ. ಈಗ ಹೊಸ ಚಿಗುರು ಬಂದಿದೆ, ಫೋಟೋ ಅಮ್ಮಂಗೂ ಕಳ್ಸಿದೀನಿ.