ಒಂದು ಅಂಕದ ಪ್ರಶ್ನೆಯೊಳಗೆ ಎಂಟು ದಿನ

ಈ ದಸರಾಕ್ಕೆ ನಮ್ಮ ಮದುವೆಯಾಗಿ 25 ವರ್ಷ. ಮಕ್ಕಳು ಬಾಲಿಗೆ ಕಳಿಸ್ತೀವಿ ಅಂದರು. ಅಲ್ಲಿ ಬಾಟೂರ್ ಅನ್ನೋ ಜ್ವಾಲಾಮುಖಿ ಇದೆ, ನಸುಕಿನಲ್ಲಿ ಹತ್ತಿ ಸೂರ್ಯೋದಯ ನೋಡಬಹುದು ಅಂತ ಫೋಟೋ ಎಲ್ಲ ತೋರಿಸಿದರು. ನಾನು ಬೇಡ ಅಂದೆ. ಲಾವಾ ನೋಡೋಕೆ ಪಾಸ್‌ಪೋರ್ಟ್ ಯಾಕೆ, ನಮ್ಮ ಕಾರೇ ಸಾಕು ಅಂದೆ. ನಮ್ಮನೆಯವರು ಒಂದು ಮಾತೂ ಕೇಳದೆ ಒಪ್ಪಿಕೊಂಡರು.

ನಾನು ಸಮಾಜ ವಿಜ್ಞಾನದ ಟೀಚರ್. "ದಖ್ಖನ್‌ನ ವಾಯುವ್ಯ ಭಾಗ ಲಾವಾದಿಂದ ಆದದ್ದು, ಬಸಾಲ್ಟ್ ಸವೆದು ಕಪ್ಪು ಮಣ್ಣಾಯಿತು, ಹತ್ತಿ ಬೆಳೆಗೆ ಯೋಗ್ಯ." 22 ವರ್ಷದಿಂದ ಮಕ್ಕಳಿಗೆ ಇದನ್ನೇ ಬರೆಸುತ್ತಾ ಬಂದಿದ್ದೇನೆ. ಒಂದು ಅಂಕದ ಪ್ರಶ್ನೆ. ಬಸಾಲ್ಟ್ ಅಂದರೆ ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು. ಆದರೆ ನಾನೇ ಅದನ್ನು ಕಣ್ಣಾರೆ ನೋಡಿರಲಿಲ್ಲ. ಬಸವನಗುಡಿಯಲ್ಲಿ ಬೆಳೆದವಳು ನಾನು. ನನಗೆ ಬಂಡೆ ಅಂದರೆ ಲಾಲ್‌ಬಾಗ್ ಬಂಡೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಲಾವಾದ ನಾಡಿಗೆ ಬರೀ 6.6 ಕೋಟಿ. ಲಾಲ್‌ಬಾಗ್ ಬಂಡೆಯ ಮುಂದೆ ಅದು ನಿನ್ನೆ ಮೊನ್ನೆ ಹುಟ್ಟಿದ ಕೂಸು.

ಬೆಳಿಗ್ಗೆ ಐದಕ್ಕೆ ಹೊರಟೆವು. ತುಮಕೂರು, ಚಿತ್ರದುರ್ಗ, ಹೊಸಪೇಟೆ, ಅಲ್ಲಿವರೆಗೂ ನಮಗೆ ಪರಿಚಯದ ದುಂಡು ಬಂಡೆಗಳೇ. ಇಳಕಲ್‌ನಲ್ಲಿ ಕೆಂಪು ಗ್ರಾನೈಟ್. ಆಲಮಟ್ಟಿ ಹತ್ತಿರ ಕೃಷ್ಣೆ ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ನಾನು ಕಿಟಕಿ ಇಳಿಸಿದೆ. ದುಂಡು ಬಂಡೆ ಒಂದೂ ಇಲ್ಲ. ಹೊಲ ಎರೆ, ಬದುವಿನ ಕಲ್ಲು ಕಪ್ಪು, ಹಳೇ ಮನೆಗಳ ಗೋಡೆಯೂ ಕಪ್ಪು. ವಿಜಯಪುರದ ಗೋಲ್‌ಗುಂಬಜ್ ಎಷ್ಟು ಜನ ನೋಡಿಲ್ಲ ಹೇಳಿ! ಎಲ್ಲರೂ ಪಿಸುಮಾತು ಕೇಳೋಕೆ ಮೇಲೆ ಓಡ್ತಾರೆ. ನಾನು ಕೆಳಗೇ ನಿಂತು ಗೋಡೆ ಮುಟ್ಟಿದೆ. 1656ರಲ್ಲಿ ಮುಗಿದ ಆ ಕಟ್ಟಡದ ಕಲ್ಲೂ ಇದೇ ಬಸಾಲ್ಟ್.

ಸೊಲ್ಲಾಪುರ, ಬೀಡ್ ಮೇಲೆ ಹೋದೆವು. ಬೀಡ್ ಹತ್ತಿರ ಟೈರ್ ಪಂಕ್ಚರ್ ಆಗಿ ಎರಡು ಗಂಟೆ ಹಾಳಾಯಿತು. ಹೋಗಲಿ ಬಿಡಿ. ಮಾರನೇ ದಿನ ಎಲ್ಲೋರದ ಕೈಲಾಸ ದೇವಾಲಯದ ಅಂಗಳದಲ್ಲಿ ನಿಂತಾಗ ಅದೆಲ್ಲ ಮರೆತೇ ಹೋಗಿತ್ತು. 8ನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ ಮಾಡಿಸಿದ್ದು. ಗುಡ್ಡವನ್ನು ಮೇಲಿಂದ ಕೆಳಕ್ಕೆ ಕೆತ್ತಿಕೊಂಡು ಬಂದಿದ್ದಾರೆ. ಒಂದು ಕಾಲಕ್ಕೆ ಬೆಂಕಿಯಾಗಿ ಹರಿದದ್ದರ ಒಳಗೆ ಶಿವನಿಗೆ ಮನೆ. ನನಗೆ ಕಣ್ಣು ತುಂಬಿ ಬಂತು. ಇವರು ಸುಮ್ನೆ ಪಕ್ಕದಲ್ಲಿ ನಿಂತಿದ್ದರು. ಪುಣೆಯ ಟ್ರಾಫಿಕ್ ನಡುವೆಯೂ ಅದೇ ಕಾಲದ ಪಾತಾಳೇಶ್ವರ ಗುಹೆ ಇದೆ, ಅದೂ ಇದೇ ಕಲ್ಲಲ್ಲಿ ಕೊರೆದದ್ದು. ಪುಣೆಯಲ್ಲಿ ಕೆಲಸ ಮಾಡೋ ನಮ್ಮ ಹುಡುಗರಲ್ಲಿ ಎಷ್ಟು ಜನ ಒಳಗೆ ಹೋಗಿದ್ದಾರೋ!

ಆದರೆ ನನ್ನ ಮನಸ್ಸು ಇನ್ನೂ ಇರೋದು ಪಸರಣಿ ಘಾಟಿಯಲ್ಲಿ. ವಾಯಿಯಿಂದ ಪಂಚಗಣಿಗೆ ಹತ್ತುವ ದಾರಿ. ಎದುರಿನ ಬೆಟ್ಟಗಳ ತಲೆ ಎಲ್ಲ ಚಪ್ಪಟೆ, ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ಇಲ್ಲಿ ಚೂಪು ಶಿಖರದ ಜ್ವಾಲಾಮುಖಿ ಇರಲಿಲ್ಲ. ನೆಲ ಬಿರುಕು ಬಿಟ್ಟು ಲಾವಾ ಉಕ್ಕಿ ಹರಿಯಿತು, ಆರಿತು, ಮತ್ತೆ ಹರಿಯಿತು. ಈ ಲಾವಾ ನಾಡಿಗೆ ದಖ್ಖನ್ ಟ್ರ್ಯಾಪ್ಸ್ ಅಂತಾರೆ, ಆ ಟ್ರ್ಯಾಪ್ ಅನ್ನೋದು ಸ್ವೀಡಿಷ್ ಭಾಷೆಯ ಮೆಟ್ಟಿಲು ಅನ್ನೋ ಪದದಿಂದ ಬಂದದ್ದು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ನಮ್ಮ ಕರ್ನಾಟಕದ ಎರಡೂವರೆ ಪಟ್ಟು!

ಒಂದು ತಿರುವಿನಲ್ಲಿ "ರೀ, ನಿಲ್ಲಿಸಿ" ಅಂದೆ. ರಸ್ತೆಗಾಗಿ ಕಡಿದ ಗುಡ್ಡದಲ್ಲಿ ಎರಡು ಕಪ್ಪು ಪದರಗಳ ಮಧ್ಯೆ ಒಂದು ಗೇಣು ಅಗಲದ ಕೆಂಪು ಪಟ್ಟಿ. ಕೆಳಗಿನ ಲಾವಾ ಆರಿದ ಮೇಲೆ ಮಳೆ ಗಾಳಿಗೆ ಸವೆದು ಅದರ ಮೇಲೆ ಮಣ್ಣಾಗಿತ್ತು. ಮತ್ತೆ ಲಾವಾ ಹರಿದು ಬಂದು ಆ ಮಣ್ಣನ್ನು ಇಟ್ಟಿಗೆ ಹಾಗೆ ಬೇಯಿಸಿತು. ಮಣ್ಣಾಗುವಷ್ಟು ಕಾಲ ಇಲ್ಲಿ ಎಲ್ಲ ತಣ್ಣಗಿತ್ತು ಅಂತ ಅದರ ಅರ್ಥ. ಇವರು ಬೆರಳಿಟ್ಟು ಉಜ್ಜಿದರು. ಬೆರಳ ತುದಿಗೆ ಕುಂಕುಮದ ಹಾಗೆ ಪುಡಿ ಅಂಟಿತು. ಮಹಾಬಲೇಶ್ವರ ಬರೋವರೆಗೂ ಅದನ್ನು ಒರೆಸಿಕೊಳ್ಳಲೇ ಇಲ್ಲ. ಅಲ್ಲಿ ಕಲ್ಲಿನ ಗೋಮುಖದಿಂದ ಬೀಳೋ ಕೃಷ್ಣೆಯ ನೀರಿಗೆ ಕೈ ಒಡ್ಡಿದಾಗ ಹೋಯಿತು. ಮೊದಲ ದಿನ ಆಲಮಟ್ಟಿಯಲ್ಲಿ ಸಮುದ್ರದ ಹಾಗೆ ಕಂಡ ನದಿ ಇಲ್ಲಿ ಬೊಗಸೆಯಲ್ಲಿತ್ತು.

ನನ್ನದೊಂದು ಬೇಡಿಕೆ ಇದೆ. ಲಾಲ್‌ಬಾಗ್ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕ ಇದೆ. ಓದಿದವರು ಒಂದು ನಿಮಿಷವಾದರೂ ನಿಂತು ಕಾಲಡಿ ನೋಡ್ತಾರೆ. ಕೃಷ್ಣೆ ದಾಟಿದ ಮೇಲೆ ಹೆದ್ದಾರಿ ಪಕ್ಕ ಅಂಥದ್ದೇ ಒಂದು ಫಲಕ ಹಾಕಬೇಕು, ಕನ್ನಡದಲ್ಲಿ: "ಇನ್ನು ಮುಂದೆ ನೀವು ಲಾವಾದ ಮೇಲೆ ಹೋಗುತ್ತಿದ್ದೀರಿ." ಘಾಟಿ ರಸ್ತೆ ಅಗಲ ಮಾಡುವಾಗ ಎಲ್ಲ ಕಡೆ ಸಿಮೆಂಟ್ ಮೆತ್ತಬೇಡಿ. ಗುಡ್ಡ ಗಟ್ಟಿಯಾಗಿರೋ ಕಡೆ ಹತ್ತು ಅಡಿಯಾದರೂ ಹಾಗೇ ಬಿಡಿ, ಮಕ್ಕಳು ಮುಟ್ಟಿ ನೋಡಲಿ. ನಾವೂ ಅಷ್ಟೇ, ಪುಣೆಗೆ ಅಂದರೆ ರಾತ್ರಿ ಸ್ಲೀಪರ್ ಬಸ್ ಹತ್ತಿ ಮಲಗಿಬಿಡ್ತೀವಿ. ಒಂದು ಸಲ ಹಗಲು ಹೋಗಿ. ಮಳೆಗಾಲ ಮುಗಿದ ಕೂಡಲೇ ಆದರೆ ಇನ್ನೂ ಒಳ್ಳೇದು, ಬೆಟ್ಟ ಹಸಿರಾಗಿರುತ್ತೆ, ಮೆಟ್ಟಿಲುಗಳಿಂದ ನೀರು ಇಳೀತಿರುತ್ತೆ.

ಘಾಟಿಯ ರಸ್ತೆ ಬದಿ ಬಿದ್ದಿದ್ದ ಒಂದು ಕಲ್ಲು ತಂದಿದ್ದೇನೆ. ಮುಷ್ಟಿಯಷ್ಟು ದೊಡ್ಡದು, ಮೈಯೆಲ್ಲ ಸಣ್ಣ ತೂತು. ಲಾವಾ ಒಳಗಿದ್ದ ಗಾಳಿಗುಳ್ಳೆಗಳ ಗುರುತು. ಒಂದು ತೂತಿನಲ್ಲಿ ಸಕ್ಕರೆ ಹರಳಿನಂಥ ಬಿಳಿ ಹರಳು ಕೂತಿದೆ. ಸೋಮವಾರ ಶಾಲೆ ಶುರು. ಟಿಫಿನ್ ಡಬ್ಬಿ ಪಕ್ಕ ಅದನ್ನೂ ಬ್ಯಾಗಿಗೆ ಹಾಕಿಟ್ಟಿದ್ದೇನೆ.