ಪಿಟೀಲು ಮೇಷ್ಟ್ರೂ ಪಾಪ್‌ಕಾರ್ನೂ

ಬೆಂಗಳೂರಿನ ಸಂಗೀತ ಮೇಷ್ಟ್ರುಗಳ ಮೇಲೆ ಒಂದು ದೂರಿದೆ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನೇ, ಅಂದ್ರೆ ಸರಿಗಮದ ಮೊದಲ ಪಾಠವನ್ನೇ, ತಿಂಗಳುಗಟ್ಟಲೆ ಎಳೀತಾರೆ. ಸಿನಿಮಾ ನೋಡಿಯಾದರೂ ಕಲಿಯಬಾರದೇ?

2000ದ ದೀಪಾವಳಿಗೆ ಬಂದ ‘ಮೊಹಬ್ಬತೇಂ’ ಇದೆಯಲ್ಲ, ಅದರಲ್ಲಿ ಶಾರುಖ್ ಖಾನ್ ಹೆಗಲಿಗೆ ಸ್ವೆಟರ್ ಇಳಿಬಿಟ್ಟುಕೊಂಡು, ಪಿಟೀಲು ಹಿಡಿದು ಸಂಗೀತ ಹೇಳಿಕೊಡಲು ಗುರುಕುಲಕ್ಕೆ ಬರುತ್ತಾರೆ. ಗುರುಕುಲ ಅಂದ್ರೆ ಗುಡಿಸಲು ಅಂದ್ಕೋಬೇಡಿ, ಇಂಗ್ಲೆಂಡಿನ ಲಾಂಗ್‌ಲೀಟ್ ಬಂಗಲೆ. ಸಿನಿಮಾ ಮೂರೂವರೆ ಗಂಟೆ. ಅಷ್ಟು ಹೊತ್ತಿಗೆ ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಲ್ಲಿ ಮೊದಲ ವರ್ಣದಿಂದ ಕೊನೆಯ ಮಂಗಳದವರೆಗೆ ಇಡೀ ಸಂಗೀತ ಕಚೇರಿ ಮುಗಿದು, ಜನ ಮನೆ ಸೇರಿರುತ್ತಾರೆ. ಇಲ್ಲಿ ಮೂವರು ಹುಡುಗರಿಗೆ ಮೂವರು ಹುಡುಗಿಯರು ಸಿಕ್ಕರು, ಅಷ್ಟೇ. ಒಬ್ಬನಿಗೂ ಪಿಟೀಲು ಬಂದ ಹಾಗೆ ಕಾಣಲಿಲ್ಲ. ಆದರೂ ರಿಸಲ್ಟ್ ನೂರಕ್ಕೆ ನೂರು!

ನಮ್ಮ ಮಲ್ಲೇಶ್ವರದ ಮೇಷ್ಟ್ರು ಜಮಖಾನದ ಮೇಲೆ ಕೂತು, ಪಿಟೀಲಿನ ತುದಿಯನ್ನು ಬಲಗಾಲಿನ ಹರಡಿಗೆ ಆನಿಸಿ, ತಂತಿ ಬಿಗಿಯುವ ಬಿರಡೆ ತಿರುವುತ್ತಾ ಇರುತ್ತಾರೆ. ತಂತಿ ಟಪ್ ಅಂತ ಕಿತ್ತು ಹೋಗುತ್ತದೆ. ಹೊಸದು ಹಾಕಿ ಶ್ರುತಿ ಸೇರಿಸುವಷ್ಟರಲ್ಲಿ, ಕಲಿಯಲು ಬಂದ ಹುಡುಗಿಯ ಅಪ್ಪ ಕೆಳಗಿನಿಂದ ಹಾರ್ನ್ ಹೊಡೀತಾರೆ. ಸಿನಿಮಾದಲ್ಲಿ ಶಾರುಖ್ ಪಿಟೀಲು ನುಡಿಸಿದಾಗ ಉದುರುವ ಹಾಗೆ ಒಂದೆಲೆಯೂ ಉದುರಲಿಲ್ಲ, ಒಂದು ಪ್ರೇಮವೂ ಹುಟ್ಟಲಿಲ್ಲ. ಇದಕ್ಕೆ ಪಾಠ ಅಂತಾರಾ?

ಇದೇ ಅಪ್ಪ ಆ ಸಿನಿಮಾ ನೋಡುವಾಗ ಪಾಪ್‌ಕಾರ್ನ್ ಕೈಯಲ್ಲೇ ಕಣ್ಣೊರೆಸಿಕೊಂಡವರು. ಗುರು ಅಂದ್ರೆ ಹೀಗಿರಬೇಕು ಅಂದವರು. ಮಗಳು ಪಿಯುಸಿಗೆ ಬಂದ ದಿನವೇ ಪಿಟೀಲು ಅಟ್ಟ ಸೇರಿತು, ಸಿಇಟಿ ಮುಗಿಯಲಿ ಅಂತ. ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ಮಾಡಿದ ಸಿಡುಕು ಪ್ರಿನ್ಸಿಪಾಲರನ್ನು ಬೈದಿದ್ದೂ ಇವರೇ, ಮರೀಬೇಡಿ.

ಫೀಸಿನ ಕಥೆ ಇನ್ನೂ ಚೆಂದ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಸಿನಿಮಾ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ತೆರೆ ಮೇಲಿನ ಮೇಷ್ಟ್ರಿಗೆ ಮಿತಿ ಹಾಕಲು ಇಷ್ಟು ರಂಪ. ಜಮಖಾನದ ಮೇಷ್ಟ್ರಿಗೆ ಸರ್ಕಾರವೂ ಬೇಡ, ಕೋರ್ಟೂ ಬೇಡ. ಮಿತಿ ನಾವೇ ಹಾಕ್ತೀವಿ. ‘ದಸರಾ ರಜೆಯಲ್ಲಿ ಎರಡು ಕ್ಲಾಸ್ ಆಗಿಲ್ಲ ಅಲ್ವಾ ಸಾರ್, ಮುರ್ಕೊಳ್ಳೋಣ.’

ಸಿಇಟಿ ಮುಗಿದ ಮೇಲೆ ಪಿಟೀಲು ಅಟ್ಟದಿಂದ ಇಳಿಯುತ್ತದೆ. ಅಪ್ಪ ಫೋನ್ ಮಾಡ್ತಾರೆ: ‘ಮೇಷ್ಟ್ರೇ, ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಆನ್ಯುಯಲ್ ಡೇ. ಆ ಶಾರುಖ್ ಟ್ಯೂನ್ ಒಂದು ಹೇಳಿಕೊಟ್ಬಿಡಿ. ಸ್ವೆಟರ್ ನಾವು ತಗೊಂಡಿದೀವಿ.’