ಓಡುತ್ತಿರುವ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಿಸಬೇಕೇ?

ಪರ: ಹಾಕಿಸಿ, ಮುಂದಕ್ಕೆ ಹಾಕಬೇಡಿ

ವಿಂಡೋಸ್ 10 ಬಂದಿದ್ದು 2015ರ ಜುಲೈ 29ಕ್ಕೆ. ಹತ್ತು ವರ್ಷ ದುಡಿದ ಮೇಲೆ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ಮಾರನೇ ದಿನವೂ ಕಂಪ್ಯೂಟರ್ ಎಂದಿನಂತೆ ಆನ್ ಆಯಿತು. ಲೆಕ್ಕ ಬರೆಯುವ ಟ್ಯಾಲಿ ತೆರೆಯಿತು, ಪ್ರಿಂಟ್ ಬಂತು. ಜನ ಸುಮ್ನೆ ಕೂತಿರೋದು ಇದಕ್ಕೇ. ಏನೂ ಕೆಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ.

ಒಳಗೆ ನಡೆಯೋದು ಬೇರೆ. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಪ್ಯಾಚ್‌ಗಳನ್ನು, ಅಂದರೆ ಭದ್ರತೆಯ ತೂತು ಮುಚ್ಚುವ ತಿದ್ದುಪಡಿಗಳನ್ನು ಬಿಡುತ್ತದೆ. 10 ಮತ್ತು 11ರ ಒಳಗಿನ ಕೋಡ್‌ನಲ್ಲಿ ಬಹಳಷ್ಟು ಒಂದೇ. 11ಕ್ಕೆ ಪ್ಯಾಚ್ ಬಂದ ಕೂಡಲೇ ಹ್ಯಾಕರ್‌ಗಳು ಹಳೆಯ ಫೈಲು, ಹೊಸ ಫೈಲು ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ಹುಡುಕುತ್ತಾರೆ. ತೂತು ಎಲ್ಲಿತ್ತು ಎಂದು ಅಲ್ಲೇ ಗೊತ್ತಾಗುತ್ತದೆ. ಅದೇ ತೂತು 10ರಲ್ಲೂ ಇದ್ದರೆ ಮುಚ್ಚುವವರು ಯಾರು? ಅಂದರೆ 11ಕ್ಕೆ ಬರುವ ಒಂದೊಂದು ಪ್ಯಾಚೂ 10ರಲ್ಲೇ ಉಳಿದವರ ವಿಳಾಸವನ್ನು ಕಳ್ಳರಿಗೆ ಕೊಟ್ಟ ಹಾಗೆ.

ಇದು ಬರೀ ಹೆದರಿಸುವ ಮಾತಲ್ಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ 2017ರ ವಾನ್ನಾಕ್ರೈ ವೈರಸ್ ನೆನಪಿದೆ ಅಲ್ವಾ? ಆ ತೂತಿಗೆ ಪ್ಯಾಚ್ ಬಂದಿದ್ದು ಮಾರ್ಚ್ 14ಕ್ಕೆ, ದಾಳಿ ನಡೆದಿದ್ದು ಮೇ 12ಕ್ಕೆ. ನಡುವೆ ಸುಮಾರು ಎರಡು ತಿಂಗಳು ಸಮಯವಿತ್ತು. ಆದರೂ 150ಕ್ಕೂ ಜಾಸ್ತಿ ದೇಶಗಳಲ್ಲಿ ಕಂಪ್ಯೂಟರ್‌ಗಳು ಬೀಗ ಹಾಕಿಸಿಕೊಂಡವು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳು ಅಪಾಯಿಂಟ್‌ಮೆಂಟ್‌ಗಳನ್ನೇ ರದ್ದು ಮಾಡಬೇಕಾಯಿತು. ವಿಂಡೋಸ್‌ನ ಹಳೆಯ ಆವೃತ್ತಿ ಎಕ್ಸ್‌ಪಿಯ ಬೆಂಬಲ 2014ರಲ್ಲೇ ಮುಗಿದಿತ್ತು. ಮೈಕ್ರೋಸಾಫ್ಟ್ ಅದಕ್ಕೂ ಎಲ್ಲರಿಗೂ ಸಿಗುವಂಥ ಪ್ಯಾಚ್ ಬಿಟ್ಟಿತು. ಬಿಟ್ಟಿದ್ದು ಯಾವಾಗ? ದಾಳಿ ಶುರುವಾದ ಮೇಲೆ.

ಅಪ್‌ಗ್ರೇಡ್‌ಗೆ ದುಡ್ಡಿಲ್ಲ. ಫೈಲುಗಳು ಇದ್ದಲ್ಲೇ ಇರುತ್ತವೆ. ಇಷ್ಟವಾಗದಿದ್ದರೆ ಹತ್ತು ದಿನದೊಳಗೆ 10ಕ್ಕೆ ವಾಪಸ್ ಹೋಗಬಹುದು. ‘ನಿಮ್ಮ ಕಂಪ್ಯೂಟರ್‌ಗೆ ಆಗಲ್ಲ’ ಎಂಬ ಸಂದೇಶ ಕಂಡು ಕೈಬಿಟ್ಟವರು ಒಮ್ಮೆ ಬಯಾಸ್ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಬೋರ್ಡ್‌ನ ಸೆಟ್ಟಿಂಗ್ಸ್) ನೋಡಿ. 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಎಷ್ಟೋ ಬೋರ್ಡ್‌ಗಳಲ್ಲಿ ಇದ್ದೇ ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೆ. ಅದಕ್ಕೆ ಇಂಟೆಲ್ ಪ್ರೊಸೆಸರ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರು. ಆನ್ ಮಾಡಿದರೆ ಆಯಿತು.

ಸ್ಟಾರ್ಟ್ ಬಟನ್ ನಡುವೆ ಬಂದು ಕೂತಿದೆ ಎಂಬ ಸಿಟ್ಟು ನನಗೂ ಇದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ತಳ್ಳಬಹುದು.

ವಿರೋಧ: ಪಟ್ಟಿಯಲ್ಲಿ ಇಲ್ಲ ಅಂದರೆ ಹಳತಾಯಿತೇ?

ಬಯಾಸ್‌ನಲ್ಲಿ ಆನ್ ಮಾಡಿದರೆ ಆಯಿತು ಎನ್ನುವ ಮಾತು 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯೊಳಗೆ ಇರುವವರಿಗೆ ಸರಿ. ಇಂಟೆಲ್ ಆದರೆ 8ನೇ ತಲೆಮಾರು, ಎಎಂಡಿ ಆದರೆ ರೈಜನ್ 2000 ಸರಣಿ. ಕೆಲವನ್ನು ಬಿಟ್ಟರೆ ಅದಕ್ಕಿಂತ ಹಿಂದಿನವು ಹೊರಗೆ. ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್ ಇರುವ 7ನೇ ತಲೆಮಾರಿನ ಐ7 ಕಂಪ್ಯೂಟರ್ ‘ಆಗಲ್ಲ’. 4 ಜಿಬಿ ರ‍್ಯಾಮ್‌ನಲ್ಲಿ ಏದುಸಿರು ಬಿಡುವ ಅಗ್ಗದ ಸೆಲೆರಾನ್ ಲ್ಯಾಪ್‌ಟಾಪ್ ‘ಆಗುತ್ತೆ’. ಇದನ್ನು ಅಂಗಡಿಗೆ ಬಂದ ಗಿರಾಕಿಗೆ ಹೇಗೆ ವಿವರಿಸೋದು? ಈ ಬದಲಾವಣೆಯಿಂದ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದು ಎಂದು ಮಾರುಕಟ್ಟೆ ಅಧ್ಯಯನದ ಕ್ಯಾನಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ತಿದ್ದಿ 11 ಅನ್ನು ಒಳಗೆ ನುಗ್ಗಿಸುವ ದಾರಿ ಇದೆ, ನಿಜ. ಆದರೆ ಹಾಗೆ ಹಾಕಿಸಿಕೊಂಡವರಿಗೆ ಮುಂದೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿಬಿಟ್ಟಿದೆ. ಯಾವ ಸುರಕ್ಷತೆಗಾಗಿ ಇಷ್ಟೆಲ್ಲ ಮಾಡಿದ್ದೋ ಅದೇ ಕೈಗೆ ಸಿಗುವುದಿಲ್ಲ.

ಮದುವೆ ಕಾರ್ಡು, ಕರಪತ್ರ ಮಾಡುವ ನಮ್ಮೂರ ಡಿಟಿಪಿ ಅಂಗಡಿಗಳನ್ನು ನೋಡಿ. ಯುನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಕೂರಿಸಿದ ವರ್ಷಗಟ್ಟಲೆ ಫೈಲುಗಳು, ಪುಟ ವಿನ್ಯಾಸದ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್, ಕಂಪನಿಯೇ ಮರೆತುಹೋದ ಒಂದು ಪ್ರಿಂಟರ್. ಎಷ್ಟೋ ಹಳೆಯ ಪ್ರಿಂಟರ್‌ಗಳಿಗೆ ಇರುವುದು 32 ಬಿಟ್ ಡ್ರೈವರ್ ಮಾತ್ರ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಆ ಡ್ರೈವರ್ ಅದರಲ್ಲಿ ಓಡುವುದಿಲ್ಲ. ಹತ್ತು ದಿನದಲ್ಲಿ ವಾಪಸ್ ಹೋಗಬಹುದು ಅಂತೀರಿ. ಆ ಪ್ರಿಂಟರ್ ಕೈಕೊಡುವುದು ಹನ್ನೊಂದನೇ ದಿನ, ಅದೂ ಮದುವೆ ಸೀಜನ್‌ನಲ್ಲಿ.

ಇನ್ನೊಂದು ವಿಷಯವನ್ನು ಜನ ಗಮನಿಸುತ್ತಿಲ್ಲ. 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಬೇರೆ ಯಾರೂ ಓದಲಾಗದ ಹಾಗೆ ಬೀಗ ಬೀಳುತ್ತದೆ. ಅದನ್ನು ಬಿಡಿಸುವ 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿ ಇರುತ್ತದೆ. ಆ ಖಾತೆ ತೆರೆದಿದ್ದು ಯಾರು? ಎಷ್ಟೋ ಮನೆಗಳಲ್ಲಿ ಸರ್ವಿಸ್ ಹುಡುಗನೇ ಯಾವುದೋ ಈಮೇಲ್ ಹಾಕಿ ಮುಗಿಸಿರುತ್ತಾನೆ. ಮುಂದೆ ಬೋರ್ಡ್ ಹೋದಾಗ ಡಿಸ್ಕ್ ಚೆನ್ನಾಗಿದ್ದರೂ ಮಗುವಿನ ಫೋಟೋ ಒಂದೂ ಸಿಗುವುದಿಲ್ಲ. ಕಳ್ಳರು ಬರುವ ಮೊದಲೇ ಮನೆಯವರೇ ಹೊರಗೆ!

ಹೊಸದು ಎಂದರೆ ಸುರಕ್ಷಿತ ಎನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೇ ಬಂದ ಒಂದು ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಅದನ್ನು ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಅವಸರದಿಂದ ಮೊದಲು ಹಾಕಿಸಿಕೊಂಡವರೇ ಅದರಲ್ಲಿ ಸಿಕ್ಕಿಕೊಂಡಿದ್ದು.

ವಾನ್ನಾಕ್ರೈ ಭಯಕ್ಕೆ ನನ್ನಲ್ಲೂ ಉತ್ತರವಿದೆ. ಮನೆಬಳಕೆಯ ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಪ್ಯಾಚ್ ಯೋಜನೆ ತಂದು 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಬೆಲೆ 30 ಡಾಲರ್, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಉಚಿತ. ಇದಕ್ಕೂ ಮೈಕ್ರೋಸಾಫ್ಟ್ ಖಾತೆ ಬೇಕು, ಆದರೆ ಈ ಖಾತೆ ನೀವೇ ತೆರೆಯಿರಿ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ. ಅದು ಪ್ಯಾಚ್‌ಗೆ ಸಮ ಅಲ್ಲ, ಗೊತ್ತು. ಬರೀ ಬ್ರೌಸರ್ ಬಳಸುವವರಿಗೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಧಾರಾಳ ಸಾಕು, ಕನ್ನಡವೂ ಚೆನ್ನಾಗಿ ಮೂಡುತ್ತದೆ. ಟ್ಯಾಲಿ ಬೇಕೆನ್ನುವವರಿಗೆ ಮಾತ್ರ ಅದು ಆಗಿಬರುವುದಿಲ್ಲ.

ಅಂಗಡಿಯವರು ಬ್ಯಾಂಕು, ಜಿಎಸ್‌ಟಿ ಕೆಲಸವನ್ನೆಲ್ಲ 11 ಇರುವ ಒಂದೇ ಕಂಪ್ಯೂಟರ್‌ಗೆ ಸಾಗಿಸಲಿ. ಕಾರ್ಡು ಮಾಡುವ ಹಳೆಯ ಕಂಪ್ಯೂಟರ್‌ನಿಂದ ನೆಟ್ ವೈರ್ ಕಿತ್ತು, ಗಿರಾಕಿ ತಂದ ಪೆನ್‌ಡ್ರೈವ್ ಅದಕ್ಕೆ ಚುಚ್ಚದಿರಲಿ.